ಮೀನಿನ ನೀರು ತಿಳಿ ಇದ್ರಷ್ಟ ಸಾಲೂದಿಲ್ಲ

ಈಗ ನಮ್ಮ ಓಣ್ಯಾಗ ನಾಕು ಮನಿಗೆ ಒಂದರಂಗ ಮೀನಿನ ತೊಟ್ಟಿ ಅದ. ಹಾಲಿನ ಮೂಲ್ಯಾಗ ಒಂದು ಗಾಜಿನ ಪೆಟಗಿ, ಅದರಾಗ ನಾಕು ಬಂಗಾರಬಣ್ಣದ ಮೀನು, ಒಂದು ಪ್ಲಾಸ್ಟಿಕ್ ಗಿಡ, ಗುಳುಗುಳು ಅನ್ನೋ ಒಂದು ಸಣ್ಣ ಮೋಟಾರು. ಹಟಾ ಮಾಡಿ ತರಸವರು ಮಕ್ಕಳು, ನೀರು ಬದಲಿ ಮಾಡೋ ಕೆಲಸ ಮಾತ್ರ ನಮ್ಮ ಪಾಲಿಗೆ ಬರ್ತದ. ಅದಕ್ಕ ನಾಕು ಮಂದಿ ಹೆಣ್ಣಮಕ್ಕಳು ಕೂಡಿದಾಗ ಈ ಮಾತು ಒಮ್ಮೆರ ಬರ್ತದ: "ನಾ ಎಷ್ಟು ಸ್ವಚ್ಛ ಇಡ್ತೇನ್ರಿ ವೈನಿ, ವಾರಕ್ಕೊಮ್ಮೆ ಪೂರಾ ನೀರು ಚೆಲ್ಲಿ, ಒಳಗಿನ ಕಲ್ಲು ಸೈತ ತಿಕ್ಕಿ ತೊಳೀತೇನಿ. ಆದ್ರೂ ಮೀನು ಸಾಯ್ತಾವ. ಆಜೂಬಾಜೂದವರು ಅಷ್ಟು ತೊಳಿಯೂದ ಇಲ್ಲ, ಅವರ ಮೀನು ಆರಾಮ ಅವ!"

ಇದು ಹಣೆಬರಹದ ಮಾತಲ್ಲ, ದೃಷ್ಟಿ ಆಗಿದ್ದೂ ಅಲ್ಲ. ಅದಕ್ಕ ಒಂದು ಕಾರಣ ಅದ. ಆ ಕಾರಣ ಗೊತ್ತಾಗಲಿಕ್ಕೆ ಮನುಷ್ಯಾಗ ನೂರು ವರ್ಷಕ್ಕಿಂತ ಹೆಚ್ಚು ಬೇಕಾತು. ಆ ನೂರು ವರ್ಷದ ಕಥಿಯೊಳಗ ದೊಡ್ಡ ದೊಡ್ಡ ವಿಜ್ಞಾನಿಗಳು ಇದ್ದಾರ, ಖರೆ. ಆದ್ರ ಕಸೂತಿ ಹಾಕೋ ಒಬ್ಬಾಕಿ, ಸಂಸಾರ ಮಾಡೋ ಒಬ್ಬಾಕಿ, ಮನಿಗೆಲಸದ ಒಬ್ಬ ಹುಡುಗೀನೂ ಇದ್ದಾರ. ಅವರ ಸುದ್ದಿ ಯಾರೂ ಅಷ್ಟು ಹೇಳೂದಿಲ್ಲ, ಅದಕ್ಕ ನಾ ಇವತ್ತ ಹೇಳಬೇಕಂತ ಮಾಡೇನಿ.

ಮನ್ಯಾಗ ಮೀನು ಸಾಕೋ ರೂಢಿ ಭಾಳ ಹಳೇದು. ನಾವು ಗೋಲ್ಡ್ ಫಿಶ್ ಅಂತೀವಲ್ಲ, ಅದು ಮೂಲತಃ ಚೀನಾದ್ದು. ಅಲ್ಲಿ ಸಾಂಗ್ ರಾಜರ ಕಾಲಕ್ಕ, ಅಂದ್ರ ಸುಮಾರು ಸಾವಿರ ವರ್ಷದ ಹಿಂದ, ಹೊಂಡದಾಗ ಬಣ್ಣದ ಮೀನು ಸಾಕತಿದ್ರು. ಮುಂದ ಮಿಂಗ್ ರಾಜರ ಕಾಲಕ್ಕ ಆ ಮೀನು ಹೊಂಡದಿಂದ ಮನಿಯೊಳಗಿನ ಮಣ್ಣಿನ ಮತ್ತ ಪಿಂಗಾಣಿ ಪಾತ್ರಿಗೆ ಬಂದ್ವು. 1596ರಾಗ ಝಾಂಗ್ ಚಿಯಾಂಡೆ ಅನ್ನೋರು ಈ ಕೆಂಪು ಮೀನಿನ ಮ್ಯಾಲೇನ ಒಂದು ಪುಸ್ತಕ ಬರದ್ರು. ಆವಾಗ ಮೀನನ್ನ ಮ್ಯಾಲಿಂದ ನೋಡತಿದ್ರು. ನಮ್ಮ ಹಂಗ ಬದಿಯಿಂದ ನೋಡಲಿಕ್ಕೆ ಗಾಜು ಇರಲಿಲ್ಲ. ಪಾತ್ರಿ ಬಾಯಿ ಅಗಲ ಇರ್ತಿತ್ತು, ಅದರಿಂದ ನೀರಿಗೆ ಗಾಳಿ ಛಲೊ ತಾಗತಿತ್ತು. ಇದನ್ನ ಸ್ವಲ್ಪ ನೆನಪಿಡ್ರಿ, ಮುಂದ ಉಪಯೋಗ ಬೀಳ್ತದ.

ಹದಿನೇಳನೇ ಶತಮಾನಕ್ಕ ಈ ಮೀನು ಹಡಗದಾಗ ಯುರೋಪಕ್ಕ ಹೋದ್ವು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ದೊಡ್ಡ ಅಧಿಕಾರಿ ತನ್ನ ದಿನಚರಿಯೊಳಗ 1665ರ ಮೇ ತಿಂಗಳದಾಗ ಒಬ್ಬರ ಮನ್ಯಾಗ ಗಾಜಿನ ಪಾತ್ರಿಯೊಳಗ ಪರದೇಶದ ಮೀನು ನೋಡಿದ್ದನ್ನ ಬರದಾನ. ಅವು ಹಂಗ ಯಾವತ್ತೂ ಬದುಕ್ತಾವ ಅಂತ ಅಂವಗ ಯಾರೋ ಹೇಳಿದ್ರಂತ. ಆದ್ರ ಗಾಜಿನ ಗುಂಡು ಪಾತ್ರಿಯೊಳಗ ಮೀನು ಅಷ್ಟು ಸುಲಭ ಬದುಕೂದಿಲ್ಲ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ನೀರು ತುಂಬ್ಯಾಗ ಗಾಳಿ ತಾಗೋ ಜಾಗಾ ಅಂಗೈಯಷ್ಟ ಉಳೀತದ. ಮೀನು ಮ್ಯಾಲೆ ಬಂದು ಬಾಯಿ ತಗದು ತಗದು ಮುಚ್ಚಲಿಕ್ಕೆ ಹತ್ತಿದ್ರ ಅದು ಅನ್ನ ಬೇಡೂದಲ್ಲ, ಉಸಿರು ಬೇಡೂದು. ಆವಾಗಿನ ಮಂದಿಗೆ ಗೊತ್ತಿದ್ದ ಉಪಾಯ ಒಂದ: ಮ್ಯಾಲಿಂದ ಮ್ಯಾಲೆ ನೀರು ಬದಲಿ ಮಾಡೂದು. ಮೀನು ಸತ್ರ ಇನ್ನೊಂದು ತರೂದು.

ನೀರಾಗ ಉಸಿರು ಎಲ್ಲಿಂದ ಬರ್ತದ ಅನ್ನೋದು ನಿಧಾನಕ ಗೊತ್ತಾತು. 1771ರಾಗ ಇಂಗ್ಲಂಡಿನ ಜೋಸೆಫ್ ಪ್ರೀಸ್ಟ್ಲಿ ಒಂದು ಪುದೀನಾ ಟೊಂಗಿ ತಗೊಂಡು, ದೀಪ ಉರದು ಕೆಟ್ಟುಹೋಗಿದ್ದ ಗಾಳಿಯೊಳಗ ಇಟ್ಟು ಮುಚ್ಚಿದ. ಕೆಲವು ದಿವಸ ಬಿಟ್ಟು ನೋಡಿದ್ರ ಅದ ಗಾಳ್ಯಾಗ ಮತ್ತ ದೀಪ ಉರೀತು. 1779ರಾಗ ಯಾನ್ ಇಂಗೆನ್‌ಹೌಸ್ ಅನ್ನೋ ಡಾಕ್ಟರು ಇನ್ನೊಂದು ಹೆಜ್ಜಿ ಮುಂದ ಹೋದ್ರು. ಎಲಿ ನೀರಾಗ ಮುಳುಗಿಸಿ ಬಿಸಿಲಿಗೆ ಇಟ್ರ ಅದರ ಮ್ಯಾಲೆ ಸಣ್ಣ ಸಣ್ಣ ಗುಳ್ಳಿ ಬರ್ತಾವ, ಕತ್ತಲ್ಯಾಗ ಇಟ್ರ ಬರೂದಿಲ್ಲ ಅಂತ ತೋರಿಸಿದ್ರು. ನಾವು ಸಾಲ್ಯಾಗ ದ್ಯುತಿಸಂಶ್ಲೇಷಣೆ ಅಂತ ಬಾಯಿಪಾಠ ಮಾಡಿದ್ವಲ್ಲ, ಅದರ ಬೇರು ಇದು. ಆದ್ರ ಇದನ್ನ ಮೀನಿನ ಪಾತ್ರಿಗೆ ಹೊಂದಿಸಿ ನೋಡೋ ಬುದ್ಧಿ ಬರಲಿಕ್ಕೆ ಮತ್ತ ಎಪ್ಪತ್ತು ವರ್ಷ ಹಿಡೀತು.

ಇಲ್ಲೇ ಬರ್ತಾಳ ನೋಡ್ರಿ ನಮ್ಮ ಕಸೂತಿ ಹಾಕಾಕಿ. ಹೆಸರು ಝಾನ್ ವಿಲ್‌ಪ್ರೂ. 1794ರಾಗ ಫ್ರಾನ್ಸ್ ದೇಶದ ಝುಯಾಕ್ ಅನ್ನೋ ಹಳ್ಳ್ಯಾಗ ಹುಟ್ಟಿದಾಕಿ, ಬೂಟು ಹೊಲಿಯೋವನ ಮಗಳು. ಹದಿನೆಂಟರ ಸುಮಾರಿಗೆ ಕೆಲಸ ಹುಡುಕಿಕೊಂಡು ಪ್ಯಾರಿಸ್ಸಿಗೆ ಹೋದಳು. ನಾಕನೂರು ಕಿಲೋಮೀಟರಿಗಿಂತ ಹೆಚ್ಚು ದೂರ, ನಡಕೋತ ಹೋದಳಂತ ಹೇಳ್ತಾರ. ಅಲ್ಲಿ ಬಟ್ಟಿ ಹೊಲಿಯೂದು, ಕಸೂತಿ ಹಾಕೂದು ಕಲ್ತಳು. 1816ರಾಗ ರಾಜಮನಿಯ ಲಗ್ನ ಒಂದಾತು, ಆ ಮದಲಗಿತ್ತಿ ರಾಜಕುಮಾರಿ ಕ್ಯಾರೊಲಿನ್ನಳ ಅರಿವಿಗೆ ಕಸೂತಿ ಹಾಕಿದಾಕಿ ಈಕೀನ. ಮುಂದ 1818ರಾಗ ಜೇಮ್ಸ್ ಪವರ್ ಅನ್ನೋ ವ್ಯಾಪಾರಸ್ಥನ ಜೋಡಿ ಲಗ್ನ ಆಗಿ, ಇಟಲಿಯ ಕೆಳಗಿನ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಸಂಸಾರಕ್ಕ ಹೋದಳು.

ಅಲ್ಲಿ ಸಮುದ್ರ ಮನಿ ಮುಂದ ಅಂದ್ರ ಮುಂದ. ಆರ್ಗೊನಾಟ್ ಅಂತ ಆಕ್ಟೋಪಸ್ ಜಾತಿಯ ಒಂದು ಪ್ರಾಣಿ ಅದ. ಅದರ ಹೆಣ್ಣು ಹಾಳಿಯಂಥ ತೆಳ್ಳನ ಚಿಪ್ಪಿನೊಳಗ ಕೂತು ತತ್ತಿ ಕಾಯ್ತದ. ಆ ಚಿಪ್ಪು ಅದರದ್ದ ಏನು ಬ್ಯಾರೆ ಪ್ರಾಣೀದ್ದು ಕಸಗೊಂಡದ್ದೇನು ಅಂತ ಪಂಡಿತರೊಳಗ ಜಗಳ ನಡದಿತ್ತು. ಸತ್ತ ಪ್ರಾಣಿ ಬಾಟಲಿಯೊಳಗ ಇಟ್ಟು ನೋಡಿದ್ರ ಇದು ಬಗಿಹರಿಯೂದಿಲ್ಲ, ಜೀವಂತ ಇದ್ದಾಗ ನೋಡಬೇಕು ಅಂತ ಝಾನ್ ವಿಚಾರ ಮಾಡಿದಳು. ಅದಕ್ಕ 1832ರ ಸುಮಾರಿಗೆ ಗಾಜಿನ ತೊಟ್ಟಿ ಮಾಡಿಸಿದಳು. ಮನಿಯೊಳಗ ಇಡೂದು ಒಂದು ನಮೂನಿ, ಸಮುದ್ರದಾಗ ಇಳಿಬಿಡೋ ಪಂಜರದಂಥದ್ದು ಬ್ಯಾರೆ ನಮೂನಿ. ಸಣ್ಣ ಮರಿ ಇದ್ದಾಗಿಂದ ಅವನ್ನ ಸಾಕಿ, ಚಿಪ್ಪು ಸ್ವಲ್ಪ ಮುರದು ನೋಡಿದಳು. ಆ ಪ್ರಾಣಿ ತನ್ನ ಚಿಪ್ಪು ತಾನ ತೇಪಿ ಹಾಕಿಕೊಂಡ್ತು. ಜಗಳ ಬಗಿಹರೀತು. 1838ರಾಗ ಆಕಿ ಸಂಗ್ರಹ ತುಂಬಿದ ಹಡಗ ಮುಳುಗಿ ಭಾಳಷ್ಟು ಬರಹ, ಚಿತ್ರ ನೀರು ಪಾಲಾದ್ವು. ಆದ್ರೂ 1858ರಾಗ ಇಂಗ್ಲಂಡಿನ ದೊಡ್ಡ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್, ಗಾಜಿನ ತೊಟ್ಟಿ ಕಂಡುಹಿಡಿದ ಮಾನ ಈಕಿಗೇ ಸೇರಬೇಕಂತ ಬರದ್ರು.

ಝಾನ್‌ಗೆ ಒಂದು ಅನುಕೂಲ ಇತ್ತು. ಪಂಜರ ಸಮುದ್ರದಾಗ ಇದ್ರ ನೀರು ಬದಲಿ ಮಾಡೋ ಕೆಲಸ ಸಮುದ್ರಾನ ಮಾಡ್ತದ. ಮನಿಯೊಳಗಿನ ತೊಟ್ಟಿಗೆ ಬೇಕಾದ್ರೂ ಹೊಸಾ ನೀರು ನಾಕು ಹೆಜ್ಜಿ ಮ್ಯಾಲೆ. ಸಮುದ್ರ ದೂರ ಇದ್ದವರು ಏನು ಮಾಡಬೇಕು? ಈ ಪ್ರಶ್ನಿ ಲಂಡನ್ನಿನ ಒಬ್ಬ ಹೆಣ್ಣಮಗಳಿಗೆ ಎದುರಾತು. ಆಕಿ ಹೆಸರು ಆ್ಯನಾ ಥಿನ್. ಗಂಡ ವೆಸ್ಟ್‌ಮಿನ್‌ಸ್ಟರ್ ಅಬೆ ಅನ್ನೋ ದೊಡ್ಡ ಚರ್ಚಿನ ಅಧಿಕಾರಿ. 1846ರಾಗ ಟಾರ್ಕಿ ಅನ್ನೋ ಸಮುದ್ರದಂಡಿ ಊರಿಗೆ ಹೋದಾಗ ಆಕಿಗೆ ಜೀವಂತ ಹವಳದ ಪ್ರಾಣಿ ಸಿಕ್ಕುವು. ಲಂಡನ್ನಿಗೆ ಒಯ್ಯಬೇಕು, ದಾರ್ಯಾಗ ಒಂದಕ್ಕೊಂದು ಬಡದು ಒಡೀಬಾರದು. ಏನು ಮಾಡಿದಳು ಗೊತ್ತೇನ್ರಿ? ಸೂಜಿ-ದಾರ ತಗೊಂಡು ಅವನ್ನ ಒಂದು ಸ್ಪಂಜಿಗೆ ಹೊಲದಳು! ಆ ಸ್ಪಂಜನ್ನ ಸಮುದ್ರದ ನೀರು ತುಂಬಿದ ಭರಣಿಯೊಳಗ ಇಟ್ಟು ಒಯ್ದಳು. ಹಿಂಥಾ ಉಪಾಯ ಮನಿ ನಡಸಾಕಿಗೇ ಹೊಳೀಬೇಕು.

ಲಂಡನ್ನಿಗೆ ಬಂದ ಮ್ಯಾಲೆ ಖರೆ ತ್ರಾಸು ಸುರು ಆತು. ಮೊದಮೊದಲು ದಿನಾ ಬಿಟ್ಟು ದಿನಾ ನೀರು ಬದಲಿ ಮಾಡಿದಳು. ತಂದಿದ್ದ ಸಮುದ್ರದ ನೀರು ಮುಗೀಲಿಕ್ಕೆ ಬಂತು. ಆವಾಗ ಹಳೇ ನೀರಿಗೇ ಗಾಳಿ ಕೂಡಿಸಬೇಕಂತ ಆಕಿ ತಲಿಗೆ ಹೊಳೀತು. ನಾವು ಕಾದ ಹಾಲು ಆರಸಲಿಕ್ಕೆ ಒಂದು ಲೋಟದಿಂದ ಇನ್ನೊಂದಕ್ಕ ಎತ್ತಿ ಎತ್ತಿ ಹಾಕ್ತೀವಲ್ಲ, ಹಂಗ. ತಗದ ಖಿಡಕಿ ಮುಂದ ನಿಂತು ಆ ನೀರನ್ನ ಒಂದು ಪಾತ್ರಿಯಿಂದ ಇನ್ನೊಂದಕ್ಕ ಅರ್ಧಾ ತಾಸು, ಮುಕ್ಕಾಲು ತಾಸು ಸುರೂವೂದು. ಈ ಕೆಲಸ ಮಾಡಿದಾಕಿ ಯಾರು? ಥಿನ್ ಬಾಯಿ ಅಲ್ಲ, ಆಕಿ ಮನಿಗೆಲಸದ ಸಣ್ಣ ಹುಡುಗಿ. ಇದು ದಣಿಸೋ ಕೆಲಸ ಅಂತ ಬಾಯಿಯವರೂ ಒಪ್ಪಿಕೊಂಡು ಬರದಾರ. ಆದ್ರ ಆ ಹುಡುಗಿಗೆ ಅದೊಂದು ಆಟದಂಗ ಅನಸ್ತಿತ್ತು ಅಂತನೂ ಬರದಾರ. ಆಟಾ ಅಂತ! ಮೊದಲನೇ ದಿವಸ ಆಟ ಅನಿಸಿರಬೇಕು. ವಾರಗಟ್ಟಲೆ ಬಿಟ್ಟು ಆ ಹುಡುಗಿಗೆ ಕೇಳಿದ್ರ ಏನಂತಿದ್ದಳೋ! ರಟ್ಟಿ ನೋವು ಏನಂತ ಕೊಡ ಹೊತ್ತವರಿಗೆ ಗೊತ್ತು. ಮೀನಿನ ತೊಟ್ಟಿ ಇತಿಹಾಸದಾಗ ಮೊದಲ ಏರ್ ಪಂಪು ಅಂದ್ರ ಆ ಹುಡುಗಿ ಕೈ ಅಂತ ನಾ ಅಂತೇನಿ. ಆಕಿ ಹೆಸರು ಮಾತ್ರ ಬಾಯಿಯವರ ಬರಹದಾಗ ಇಲ್ಲ.

1847ರಾಗ ಥಿನ್ ಬಾಯಿ ಸಮುದ್ರದ ಹಸರು ಗಿಡ ತರಸಿ ನೀರಾಗ ಬಿಟ್ಟಳು. ಗಿಡ ಬೆಳಕಿನ್ಯಾಗ ಉಸಿರು ಕೊಡಲಿಕ್ಕೆ ಹತ್ತಿದ ಮ್ಯಾಲೆ ಸುರುವೋ ಕೆಲಸ ಕಡಿಮಿ ಆತು. ಆಕಿ ಹವಳ ಸುಮಾರು ಮೂರು ವರ್ಷ ಬದುಕಿ, ಮರಿ ಸೈತ ಹಾಕಿದ್ವು. ಆದ್ರ ಆಕಿ ಇದನ್ನ ಅಚ್ಚು ಹಾಕಿಸಿದ್ದು 1859ರಾಗ. ಅಷ್ಟೊತ್ತಿಗೆ ಈ ವಿದ್ಯಾದ ಹೆಸರು ಗಂಡಸರ ಪಾಲಾಗಿ ಹೋಗಿತ್ತು.

ಆ ಗಂಡಸರೂ ಸುಮ್ಮನ ಕೂತವರಲ್ಲ, ಅದನ್ನೂ ಹೇಳಬೇಕು. ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಔಷಧ ತಯಾರಿ ಸಂಸ್ಥಾದಾಗ ಕೆಮಿಸ್ಟ್ ಇದ್ರು. 1849ರಾಗ ಒಂದು ದೊಡ್ಡ ಗಾಜಿನ ಪಾತ್ರಿಯೊಳಗ ಎರಡು ಗೋಲ್ಡ್ ಫಿಶ್, ತಳದಾಗ ಉಸುಕು-ಮಣ್ಣು, ಒಂದು ವ್ಯಾಲಿಸ್ನೇರಿಯಾ ಗಿಡ ಹಾಕಿದ್ರು. ರಿಬ್ಬನ್ನಿನಂಗ ಉದ್ದಕ ಎಲಿ ಬಿಡೋ ನೀರಿನ ಗಿಡ ಅದು. ನಮ್ಮ ಕೆರಿಯೊಳಗೂ ಇರ್ತದ. ಮೊದಲು ಎಲ್ಲಾ ಛಲೊ ನಡೀತು. ಆಮ್ಯಾಲೆ ಹಳೇ ಎಲಿ ಕೊಳತು ನೀರು ರಾಡಿ ಆತು, ಗಾಜಿಗೆ ಲೋಳಿ ಹತ್ತಿತು. ಆವಾಗ ಅವರು ಬಸವನಹುಳ ತಂದು ಬಿಟ್ರು. ಹುಳ ಕೊಳತ ಎಲಿ ತಿಂದ್ವು, ಲೋಳಿ ತಿಂದ್ವು, ಅವು ಇಟ್ಟ ತತ್ತಿ ಮೀನಿನ ಹೊಟ್ಟಿಗಾದ್ವು. 1850ರಾಗ ಇದನ್ನ ಅವರು ಕೆಮಿಕಲ್ ಸೊಸಾಯಟಿ ಮುಂದ ಇಟ್ರು: ಗಿಡ, ಮೀನು, ಹುಳ ಮೂರೂ ಹದಕ್ಕ ಇದ್ರ ನೀರು ಬದಲಿ ಮಾಡೋ ಗರಜ ಇಲ್ಲ.

ಮುಂದ 1853ರಾಗ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಾಗ ಮೀನಿನ ಮನಿ ತಗದ್ರು. ಅದರ ಕೆಲಸದಾಗ ಇದ್ದ ಫಿಲಿಪ್ ಹೆನ್ರಿ ಗಾಸ್ 1854ರಾಗ ಪುಸ್ತಕ ಬರದು 'ಅಕ್ವೇರಿಯಂ' ಅನ್ನೋ ಹೆಸರನ್ನ ಮನಿಮನಿಗೆ ಮುಟ್ಟಿಸಿದ್ರು. 1845ರಾಗ ಬ್ರಿಟನ್ನಿನ್ಯಾಗ ಗಾಜಿನ ಮ್ಯಾಲಿನ ಕರ ತಗದಿದ್ರು, ಅದಕ್ಕ ಗಾಜು ಸೋವಿ ಆಗಿತ್ತು. ರೈಲು ಬಂದು ಸಮುದ್ರದಂಡಿ ಸಮೀಪ ಆಗಿತ್ತು. ತೊಟ್ಟಿ ಇಲ್ಲದ ಮನಿ ಮನೀನ ಅಲ್ಲ ಅನ್ನೋವಷ್ಟು ಹುಚ್ಚು ಹಿಡೀತು. ಆದ್ರ ಆ ಹುಚ್ಚು ಭಾಳ ವರ್ಷ ನಡೀಲಿಲ್ಲ. ನೀರು ಬದಲಿ ಮಾಡೂದು ಬ್ಯಾಡಂತ ಪುಸ್ತಕ ಹೇಳತಿತ್ತು, ಮನ್ಯಾಗಿನ ನೀರು ಮಾತ್ರ ನಾರತಿತ್ತು, ಮೀನು ತೇಲತಿದ್ವು. ಮೀನು ಹೆಚ್ಚು ಹಾಕತಿದ್ರು, ಅನ್ನ ಹೆಚ್ಚು ಸುರೂತಿದ್ರು. ರಾತ್ರಿ ಆದ್ರ ಗಿಡಾನೂ ಆಮ್ಲಜನಕ ಎಳಕೋತದ. ಇದರ ಮ್ಯಾಲೆ, ಉಸಿರಿನ ಲೆಕ್ಕ ಗೊತ್ತಾಗಿತ್ತೇ ಹೊರತು ಹೊಲಸಿನ ಲೆಕ್ಕ ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ.

ಈಗ ಕಥಿಯ ತಿರುಳಿಗೆ ಬಂದೆ. ಮೀನಿನ ಮೈಯಿಂದ, ಹೆಚ್ಚಿಗೆ ಅದರ ಕಿವಿರಿನಿಂದ, ಅಮೋನಿಯಾ ಹೊರಗ ಬರ್ತದ. ತಿನ್ನದ ಉಳದ ಅನ್ನ ಕೊಳತ್ರೂ ಅದ ಆಗ್ತದ. ಅಮೋನಿಯಾಕ್ಕ ಬಣ್ಣ ಇಲ್ಲ. ನೀರು ಕನ್ನಡಿಯಂಗ ತಿಳಿ ಇರ್ತದ, ಆದ್ರ ಮೀನಿಗೆ ಅದು ವಿಷ. ಹಂಗಾರ ಕೆರಿ-ಹೊಳಿಯೊಳಗ ಮೀನು ಹೆಂಗ ಬದುಕ್ತಾವ? ಇದಕ್ಕ ಉತ್ತರ ಸಿಕ್ಕಿದ್ದು ಮೀನು ಸಾಕವರಿಂದ ಅಲ್ಲ, ಗಟಾರದ ನೀರು ಸ್ವಚ್ಛ ಮಾಡಲಿಕ್ಕೆ ಹೊಂಟವರಿಂದ. 1877ರಾಗ ಫ್ರಾನ್ಸಿನ ಶ್ಲೋಸಿಂಗ್ ಮತ್ತ ಮ್ಯುಂಟ್ಸ್ ಅನ್ನೋ ಇಬ್ಬರು ಒಂದು ಕೊಳವಿ ತುಂಬ ಉಸುಕು-ಸುಣ್ಣಗಲ್ಲು ಹಾಕಿ ಗಟಾರದ ನೀರು ನಿಧಾನಕ ಇಳಿಬಿಟ್ರು. ಮೊದಲ ಕೆಲವು ದಿವಸ ಏನೂ ಆಗಲಿಲ್ಲ. ಸುಮಾರು ಇಪ್ಪತ್ತು ದಿವಸ ಆದ ಮ್ಯಾಲೆ ಅಮೋನಿಯಾ ಹೋಗಿ ನೈಟ್ರೇಟ್ ಆಗಿ ಬರಲಿಕ್ಕೆ ಹತ್ತಿತು. ಕ್ಲೋರೋಫಾರ್ಮ್ ಬಿಟ್ರ ಕೆಲಸ ನಿಂತುಹೋತು. ಅಂದ್ರ ಆ ಉಸುಕಿನ್ಯಾಗ ಕೆಲಸ ಮಾಡತಿದ್ದದ್ದು ಬರೇ ರಸಾಯನ ಅಲ್ಲ, ಏನೋ ಜೀವ ಇತ್ತು!

1890ರ ಹೊತ್ತಿಗೆ ರಶಿಯಾದ ಸೆರ್ಗೆ ವಿನೊಗ್ರಾಡ್‌ಸ್ಕಿ ಆ ಜೀವಗಳನ್ನ ಬೇರ್ಪಡಿಸಿ ತೋರಿಸಿದ್ರು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅವು. ಅದ ವರ್ಷ ಇಂಗ್ಲಂಡಿನ ಗ್ರೇಸ್ ಫ್ರಾಂಕ್ಲಂಡ್ ಮತ್ತ ಆಕಿ ಗಂಡ ಪರ್ಸಿ ಕೂಡೇ ಇದರ ಮ್ಯಾಲೆ ಸಂಶೋಧನಾ ಪ್ರಕಟ ಮಾಡಿದ್ರು. ಬ್ಯಾಕ್ಟೀರಿಯಾದ ಅಭ್ಯಾಸ ಮಾಡಿದ ಮೊದಮೊದಲಿನ ಹೆಣ್ಣಮಕ್ಕಳೊಳಗ ಗ್ರೇಸ್ ಒಬ್ಬಾಕಿ. ಕೆಲಸ ಎರಡು ಹಂತದಾಗ ನಡೀತದ. ಒಂದು ಜಾತಿ ಅಮೋನಿಯಾನ್ನ ನೈಟ್ರೈಟ್ ಮಾಡ್ತದ, ಅದೂ ಮೀನಿಗೆ ಕೇಡ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತದ, ಇದು ಅಷ್ಟು ಕೇಡಲ್ಲ. ಸ್ವಲ್ಪ ಗಿಡ ತಿಂತಾವ, ಉಳದದ್ದು ನಾವು ನೀರು ಬದಲಿ ಮಾಡಿದಾಗ ಹೋಗ್ತದ. ನಮ್ಮ ಮೀನಿನ ತೊಟ್ಟಿಯೊಳಗ ಎರಡನೇ ಕೆಲಸ ಮಾಡವು ಬಹುತೇಕ ನೈಟ್ರೋಸ್ಪೈರಾ ಅನ್ನೋ ಜಾತಿ ಅಂತ ಗೊತ್ತಾಗಿದ್ದು 1998ರಷ್ಟು ಈಚಿಗೆ.

ಈಗ ತಿಳೀತಲ್ಲ, ತಿಕ್ಕಿ ತೊಳದವರ ಮೀನು ಯಾಕ ಸಾಯ್ತಾವಂತ? ಆ ಬ್ಯಾಕ್ಟೀರಿಯಾ ನೀರಾಗ ತೇಲಿಕೋತ ಇರೂದು ಕಡಿಮಿ. ಕಲ್ಲಿಗೆ, ಗಾಜಿಗೆ, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡಿರ್ತಾವ. ನಾವು ಹೊಲಸು ಅಂತ ತಿಕ್ಕಿ ತಗದದ್ರಾಗ ಅವೂ ಹೋಗ್ತಾವ. ನಳದ ನೀರಿನ್ಯಾಗಿನ ಕ್ಲೋರಿನ್ ಉಳದವನ್ನ ಕೊಲ್ತದ, ಮೀನಿನ ಕಿವಿರನ್ನೂ ಸುಡ್ತದ. ಮರುದಿವಸ ನೀರು ಫಳಫಳ ಅಂತಿರ್ತದ, ಅಮೋನಿಯಾ ಏರ್ಕೋತ ಹೋಗ್ತದ. ಮೊಸರಿನ ಭಾಂಡೆದಾಗ ಹೆಪ್ಪಿಗೂ ಸ್ವಲ್ಪ ಉಳಸದ ತೊಳದಂಗ ಇದು. ಮತ್ತ ಎಲ್ಲಿಂದ ಮೊಸರು ಆಗಬೇಕು?

ಇಷ್ಟೆಲ್ಲಾ ಕಥಿಯೊಳಗ ನಮ್ಮ ಮನಿಗೆ ಬೇಕಾದ್ದು ಇಷ್ಟು. ವಾರಕ್ಕೊಮ್ಮೆ ನೀರಿನ ನಾಕನೇ ಒಂದು ಪಾಲಷ್ಟ ತಗದು ಅಷ್ಟ ಹೊಸಾ ನೀರು ಹಾಕ್ರಿ, ಪೂರಾ ಚೆಲ್ಲಬ್ಯಾಡ್ರಿ. ಸ್ಪಂಜನ್ನ ನಳದ ಕೆಳಗ ಹಿಡೀಬ್ಯಾಡ್ರಿ, ತೊಟ್ಟಿಯಿಂದ ತಗದ ಹಳೇ ನೀರಿನ ಬಕೇಟಿನ್ಯಾಗ ಎರಡು ಸಲ ಹಿಂಡಿ ವಾಪಸ್ ಇಡ್ರಿ. ಸಾಬಾಣು, ಸೋಡಾ ಹತ್ತಿರ ಸುಳೀಬಾರದು. ಹೊಸಾ ನೀರು ಒಂದು ದಿವಸ ಬಾಯಿ ತಗದ ಬಕೇಟಿನ್ಯಾಗ ಇಟ್ಟು ಹಾಕ್ರಿ, ಸಾಮಾನ್ಯ ಕ್ಲೋರಿನ್ ಅಷ್ಟ್ರಾಗ ಹಾರಿಹೋಗ್ತದ. ನಳದ ನೀರು ವಾರಕ್ಕೊಮ್ಮೆ ಬರೋ ಊರಾಗ ಹಂಡೆ, ಕೊಡ ತುಂಬಿಟ್ಟು ರೂಢಿ ಆದ ನಮಗ ಇದೇನು ಹೊಸಾದಲ್ಲ. ಅನ್ನ ಎರಡು ನಿಮಿಷದಾಗ ತಿಂದು ಮುಗಸೋವಷ್ಟ ಹಾಕ್ರಿ. ಹೊಸಾ ತೊಟ್ಟಿ ತಂದ್ರ ಒಮ್ಮೆಲೆ ಹತ್ತು ಮೀನು ಬ್ಯಾಡ. ಬ್ಯಾಕ್ಟೀರಿಯಾ ನೆಲಿ ನಿಲ್ಲಲಿಕ್ಕೆ ನಾಕರಿಂದ ಆರು ವಾರ ಬೇಕು. ಅಲ್ಲೀ ತನಕಾ ಒಂದೋ ಎರಡೋ ಮೀನು ಇಟ್ಟು, ನೀರು ಸ್ವಲ್ಪ ಸ್ವಲ್ಪ ಹೆಚ್ಚು ಸಲ ಬದಲಿ ಮಾಡ್ರಿ. ಗುಂಡು ಪಾತ್ರಿಕಿಂತ ಬಾಯಿ ಅಗಲಿದ್ದದ್ದ ಛಲೊ, ಆ ಚೀನಾದವರ ಪಾತ್ರಿ ನೆನಪದಲ್ಲ?

ಇನ್ನೊಂದು ಮಾತು. ಬ್ಯಾಸಗ್ಯಾಗ ತಾಸುಗಟ್ಟಲೆ ಕರೆಂಟ್ ಹೋತಂದ್ರ ಆ ಗುಳುಗುಳು ಮೋಟಾರು ನಿಂತುಬಿಡ್ತದ, ನೀರು ಬಿಸಿ ಆದಂಗ ಅದರಾಗಿನ ಆಮ್ಲಜನಕಾನೂ ಕಡಿಮಿ ಆಗ್ತದ. ಮೀನು ಮ್ಯಾಲೆ ಬಂದು ಬಾಯಿ ತಗದ್ವು ಅಂದ್ರ ಹೆದರಬ್ಯಾಡ್ರಿ. ಒಂದು ಚರಗಿ ತಗೊಂಡು ತೊಟ್ಟಿ ನೀರನ್ನ ತುಂಬಿ, ಒಂದು ಗೇಣು ಮ್ಯಾಲಿಂದ ಮತ್ತ ತೊಟ್ಟಿಗೇ ಸುರುವ್ರಿ. ಹತ್ತು ನಿಮಿಷ ಹಂಗ ಮಾಡ್ರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತ ಮಾಡ್ರಿ. ಮನ್ಯಾಗಿನ ಮಕ್ಕಳಿಗೂ ಹಚ್ಚರಿ, ಮೀನು ಬೇಕಂದವರು ಅವರಲ್ಲೇನು? ರಟ್ಟಿ ನೊಂದಾಗ, 1846ರ ಸುಮಾರಿಗೆ ಲಂಡನ್ನಿನ ಖಿಡಕಿ ಮುಂದ ನಿಂತು ಇದ ಕೆಲಸ ಮಾಡಿದ ಆ ಹೆಸರಿಲ್ಲದ ಹುಡುಗಿ ಸುದ್ದಿ ಅವರಿಗೂ ಹೇಳ್ರಿ.